ಹರಿದಲ್ಲಿ ಕಟ್ಟಿದ ಬಟ್ಟೆಚೂರು

ಕೆಂಪಗೇ ಇತ್ತೆ ಆ ಬಟ್ಟೆಚೂರು? ಅಥವಾ ಜೀವಕೋಶದ ಪಾಠದಲ್ಲಿ ಕೆಟ್ಟದ್ದರ ಗುರುತನ್ನು ಕೆಂಪಿನಲ್ಲಿ ಬರೆಯತೊಡಗಿದ ಮೇಲೆ ನಾನೇ ನೆನಪಿನಲ್ಲಿ ಅದಕ್ಕೆ ಬಣ್ಣ ಹಚ್ಚಿದೆನೆ? ಬಟ್ಟೆ ಕಟ್ಟುತ್ತಿದ್ದುದಂತೂ ಹೌದು. ಗಂಗೊಳ್ಳಿಯಲ್ಲಿ ಮಳೆಗಾಲಕ್ಕೆ ದೋಣಿಗಳು ದಡ ಹತ್ತಿದ ಮೇಲೆ ಅಪ್ಪಯ್ಯ ಬಲೆಯನ್ನು ಚಪ್ಪರದಡಿ ಹರವಿ ಬೆರಳಾಡಿಸುತ್ತ ಹೋಗುತ್ತಿದ್ದರು. ಸಣ್ಣ ಹರಕನ್ನು ಅಲ್ಲೇ ಹೆಣೆದು ಸರಿಮಾಡುವರು. ಹೆಣೆದರೂ ನಿಲ್ಲದು ಅನಿಸಿದ ಕಡೆ ಹಳೆ ಸೀರೆಯ ಚೂರೊಂದನ್ನು ಕಟ್ಟಿ ಮುಂದೆ ಸರಿಯುವರು. ಹಿಂದಿನಿಂದ ಚಿಕ್ಕಪ್ಪ ಕತ್ತಿ ಹಿಡಿದು ಬಂದು, ಬಟ್ಟೆ ಕಂಡಲ್ಲಿ ಮರುಮಾತಿಲ್ಲದೆ ಕತ್ತರಿಸುವರು. ಕತ್ತರಿಸಿದ್ದರಲ್ಲಿ ಗಟ್ಟಿ ನೂಲು ಬೇರೆ ತೇಪೆಗೆ. ಉಳಿದದ್ದು ಮನೆಯ ಹಿಂದೆ ರಾಶಿ.

ನಾನು ಕುಂದಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸತೊಡಗಿದೆ. ಅಪ್ಪಯ್ಯನ ಬಲಗೈ ನಡುಗತೊಡಗಿತು. ಯಾವುದು ಮೊದಲು ಎಂಬುದರಲ್ಲಿ ಅಮ್ಮನಿಗೂ ನನಗೂ ಒಮ್ಮತವಿಲ್ಲ. ಬ್ರಹ್ಮಾವರದ ವೈದ್ಯರು ಕಂಪವಾತ, ಮೆದುಳಿನ ರೋಗ ಎಂದರು, ಮಾತ್ರೆ ಕೊಟ್ಟರು. ಅಪ್ಪಯ್ಯನಿಗೆ ಬೇಕಿದ್ದುದು ಬೇರೆ ಉತ್ತರ: ಮಳೆ ಮುಗಿದು ದೋಣಿ ಇಳಿಯುವಾಗ ತಾನೂ ಹತ್ತಬಹುದೇ?

ಚಪ್ಪರದಡಿ ಅವರ ಎದುರು ಕೂತು, ಕೈ ಯಾಕೆ ನಡುಗುತ್ತದೆಂದು ಹೇಳಲು ನಾನು ಧೈರ್ಯವಾಗಿಯೇ ಶುರುಮಾಡಿದೆ.

"ಅಪ್ಪಯ್ಯ, ಪ್ರೋಟೀನ್ ಅಂದ್ರೆ ಉದ್ದ ನೂಲ್ ಇದ್ದಾಂಗೆ. ಸರಿ ಮಡ್ಚ್ಕಂಡ್ರೆ ಮಾತ್ರ ಕೆಲ್ಸಕ್ಕ್ ಬತ್ತ್. ಮಡ್ಚುಕೆ ಸಹಾಯ ಮಾಡು ಬೇರೆ ಪ್ರೋಟೀನೂ ಇತ್ತ್."

"ಮಡ್ಚುದ್ ತಪ್ಪಿರೆ?"

"ಆ ಸಹಾಯದ್ ಪ್ರೋಟೀನೇ ಬಿಡ್ಸಿ ಮತ್ತ್ ಮಡ್ಚ್ತ್. ಆಗ್ದಿದ್ರೆ ಅದಕ್ಕೊಂದ್ ಗುರ್ತ್ ಕಟ್ತ್. ಗುರ್ತ್ ಇದ್ದದ್ದನ್ನ ತುಂಡ್ ಮಾಡುಕೆ ಬೇರೆಯೇ ಯಂತ್ರ. ಆ ತುಂಡ್ ಮತ್ತೆ ಹೊಸ ನೂಲಿಗೆ."

ಒಳಗಿನಿಂದ ಅಮ್ಮ ಕೂಗಿದರು: "ಹ್ವಾಯ್, ಇವ್ಳ್ ಪಾಠ ಕೇಂಡ್ರೆ ಕೈ ನಿಲ್ತಾ? ಮಾತ್ರಿ ನುಂಗಿ!"

"ತಡಿ ಮಾರಾಯ್ತಿ," ಎಂದು ಅಪ್ಪಯ್ಯ ನನ್ನತ್ತ ಬಾಗಿದರು. "ನನ್ ತಲಿಯೊಳಗ್ ಎಂತ ಆಯ್ತ್ ಮಗಾ? ಕತ್ತಿ ಹಿಡದವ ನಿದ್ರಿ ಮಾಡ್ದ್ನಾ?"

"ಹಾಂಗೇ ಅಂಬ್ರ್. ತುಂಡ್ ಮಾಡಿ ಮುಗುದಿಲ್ಲೆ. ತಪ್ಪಿ ಮಡ್ಚದ್ದೆಲ್ಲ ರಾಶಿ ಬೀಳತ್ತ್."

"ರಾಶಿ ತೆಗ್ದ್ರೆ ಕೈ ಸರಿ ಆತ್ತಾ?"

ತರಗತಿಯಲ್ಲಾದರೆ ಹೌದೆಂಬಂತೆಯೇ ಮಾತಾಡುತ್ತಿದ್ದೆ: ರಾಶಿ ಬೀಳುತ್ತದೆ, ಕೋಶ ಸಾಯುತ್ತದೆ. ಆದರೆ ಹೊಸದಾಗಿ ಓದಿದ್ದು ಅಡ್ಡ ಬಂತು. ಕೆಟ್ಟದ್ದು ಎಲ್ಲೆಲ್ಲೋ ತೊಡರದಿರಲಿ ಎಂದು ಕೋಶವೇ ಅದನ್ನು ಒಂದು ಮೂಲೆಗೆ ಒಟ್ಟುತ್ತಿರಬಹುದು. ನಮ್ಮ ಹಿತ್ತಿಲಲ್ಲಿ ಹರಕು ಬಲೆ ಗುಡ್ಡೆ ಬಿದ್ದಿತ್ತು. ಅದು ಅಲ್ಲಿದ್ದುದರಿಂದಲೇ ಅಂಗಳದಲ್ಲಿ ಯಾರೂ ಎಡವುತ್ತಿರಲಿಲ್ಲ.

"ಗೊತ್ತಿಲ್ಲೆ ಅಪ್ಪಯ್ಯ."

ಅವರು ಚಿಕ್ಕಪ್ಪನನ್ನು ಕರೆದರು. "ಈ ವರ್ಷ ಕಡಲಿಗ್ ಬಲಿ ಬಿಡುಕೆ ನೀನೇ ಹೋಗ್. ನಾನ್ ಇಲ್ಲೇ ಬಟ್ಟಿ ಕಟ್ತೆ."

"ಅಣ್ಣ, ನೀ ಇಲ್ದಿರೆ ದೋಣಿಯೊಳಗ್ ನಂಗೆ ಬೈಯೂಕೆ ಯಾರಿದ್ರ್?"

"ಇಲ್ಲಿಂದ್ಲೇ ಬೈತೆ, ಹೋಗ್."

ಅಪ್ಪಯ್ಯ ಮತ್ತೆ ದೋಣಿ ಹತ್ತಲಿಲ್ಲ. ಅವರು ಕಟ್ಟಿದ ಗಂಟು ಸಡಿಲಾಗಿ ಬಟ್ಟೆ ಬಿದ್ದುಹೋಗುತ್ತಿತ್ತು. ಚಿಕ್ಕಪ್ಪ ಅದನ್ನೆತ್ತಿ ಅಲ್ಲೇ ಬಿಗಿದು ಕಟ್ಟಿ, ಆಮೇಲೆ ಕತ್ತರಿಸುತ್ತಿದ್ದರು.

ಬಟ್ಟೆ ಹಸಿರು ಎನ್ನುತ್ತಾರೆ ಅಮ್ಮ. ಇರಬಹುದು. ತಲೆಯೊಳಗಿನ ರಾಶಿ ತೆಗೆದಿದ್ದರೆ ಆ ಕೈ ನಿಲ್ಲುತ್ತಿತ್ತೋ, ಇನ್ನಷ್ಟು ನಡುಗುತ್ತಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.