ಟೇಪಣ್ಣ ಮತ್ತು ಹೆಂಡತಿಯ ಹಳೆಯ ಫೋನು

ಕನ್ನಡಕದಂಗಡಿಯವನನ್ನು ಆ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಟೇಪಣ್ಣ. ಕಣ್ಣು ತೋರಿಸಲು ಬಂದವರು ಫೋನನ್ನು ಮೇಜಿನ ಮೇಲಿಟ್ಟರೆ ಸಾಕು, ಅವನ ಕೈ ಡ್ರಾಯರಿನ ಕರಿ ಟೇಪಿಗೆ ಹೋಗುತ್ತಿತ್ತು. ಒಂದು ಚೂರು ಕತ್ತರಿಸಿ ಕ್ಯಾಮೆರಾದ ಮೇಲೆ ಅಂಟಿಸಿ, ಆಮೇಲೇ ಗೋಡೆಯ ಅಕ್ಷರ ಓದಿಸುತ್ತಿದ್ದ. ಅವರು ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಉಪದೇಶ ಶುರುವಾಗಿರುತ್ತಿತ್ತು. ಟಾರ್ಚು ಬೆಳಗಿಸುವ ಆ್ಯಪ್‌ಗೆ ನಿಮ್ಮ ಅತ್ತೆಯ ನಂಬರು ಯಾಕೆ ಬೇಕು? ಬ್ರೌಸರ್ ಅಂದರೆ ಬಾಯಿ ಬಿಗಿ ಇರಬೇಕು, ಮುಚ್ಚಿದ ಕೂಡಲೇ ನೋಡಿದ್ದನ್ನೆಲ್ಲ ಮರೆಯಬೇಕು. ಪಾಸ್‌ವರ್ಡ್ ಒತ್ತುವಾಗ ಪಕ್ಕದಲ್ಲಿ ಒಡಹುಟ್ಟಿದವರೇ ಕೂತಿದ್ದರೂ ಅಂಗೈ ಅಡ್ಡ ಹಿಡಿಯಬೇಕು. ಗಿರಾಕಿಗಳು ಹೂಂಗುಟ್ಟುತ್ತಿದ್ದರು, ಬಾಗಿಲು ದಾಟುತ್ತಲೇ ಟೇಪು ಕಿತ್ತು ಹೊರಗಿನ ಗೋಡೆಗೆ ಮೆತ್ತಿ ಹೋಗುತ್ತಿದ್ದರು. ರಜೆಯ ದಿನ ಅವನು ಆ ಕರಿ ಚುಕ್ಕೆಗಳನ್ನೆಲ್ಲ ಉಗುರಿನಿಂದ ಕೆರೆದು ತೆಗೆಯುತ್ತಿದ್ದ.

ಅವನ ಮಾತನ್ನು ಕಿವಿಗೆ ಹಾಕಿಕೊಂಡವಳು ಲೋಕದಲ್ಲಿ ಒಬ್ಬಳೇ, ಅವನ ಹೆಂಡತಿ. ಲಾಂಡ್ರಿಯೊಂದರಲ್ಲಿ ಹರಿದ ಬಟ್ಟೆಗೆ ಹೊಲಿಗೆ ಹಾಕುವ ಕೆಲಸ ಅವಳದು. ಅವನು ಹೇಳಿಕೊಟ್ಟದ್ದನ್ನೆಲ್ಲ ಅವಳು ಕಲಿತಳು. ಬೇಡದ ಆ್ಯಪ್‌ಗಳನ್ನು ಕಿತ್ತೆಸೆದಳು, ಅವನು ಮೆಚ್ಚಿದ ಬ್ರೌಸರ್ ಹಾಕಿಕೊಂಡಳು, ಏನು ಹುಡುಕಿದರೂ ಹುಡುಕಿದ್ದು ಉಳಿಯದ ಖಾಸಗಿ ಕಿಟಕಿಯಲ್ಲೇ ಹುಡುಕಿದಳು. ಮನೆಯಲ್ಲಿ ಮಾತ್ರ ಫೋನನ್ನು ಅಡುಗೆ ಕಟ್ಟೆಯ ಮೇಲೆ ಹಾಗೇ ಬಿಟ್ಟಿರುತ್ತಿದ್ದಳು. ಅದರ ಪಾಸ್‌ವರ್ಡ್ ಅವನಿಗೂ ಗೊತ್ತಿತ್ತು. ಹೆಂಡತಿಯೊಬ್ಬಳಾದರೂ ತನ್ನನ್ನು ತಲೆತಿರುಕ ಅನ್ನುವುದಿಲ್ಲವಲ್ಲ ಎಂಬುದೇ ಅವನ ದೊಡ್ಡ ಸಮಾಧಾನವಾಗಿತ್ತು.

ಹೀಗಿರುವಾಗ ಅವಳು ಸಂಜೆ ಹೊತ್ತು ಫೋನು ಹಿಡಿದು ತನ್ನಷ್ಟಕ್ಕೇ ನಗಲು ಶುರುಮಾಡಿದಳು. ಅವನು ಕೋಣೆಗೆ ಬಂದರೆ ಫೋನು ಮಗುಚಿಕೊಳ್ಳುತ್ತಿತ್ತು. ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ಅವನು ತೆಗೆದು ನೋಡಿದ. ಬ್ರೌಸರ್ ತೊಳೆದಿಟ್ಟ ತಟ್ಟೆಯಂತಿತ್ತು. ಬೇರೆ ಯಾರದೇ ಆಗಿದ್ದರೆ ಅವನು ಭೇಷ್ ಅನ್ನುತ್ತಿದ್ದ. ಹೆಂಡತಿಯದಾದ್ದರಿಂದ ಮತ್ತೆ ಮತ್ತೆ ಕೆದಕಿ ನೋಡಿದ. ಎಲ್ಲರಿಗೂ ಬಾಯಿ ಬಿಗಿ ಇರುವ ಬ್ರೌಸರ್ ಬೇಕೆಂದು ಗಂಟಲು ಹರಿದುಕೊಂಡ ಮನುಷ್ಯ, ಇದೊಂದು ಬ್ರೌಸರ್ ಬಾಯಿ ಬಿಡಬಾರದೇ ಎಂದು ಸಂಕಟಪಟ್ಟ.

ಅವಳ ಮಾತಿನಲ್ಲಿ ಆಗಾಗ ಇಸ್ತ್ರಿಯವನೊಬ್ಬ ಬರುತ್ತಿದ್ದ. ಲಾಂಡ್ರಿಯಲ್ಲಿ ಅವಳ ಪಕ್ಕದ ಮೇಜಿನವನು. ಇಸ್ತ್ರಿಯವನು ಹಾಗಂದ, ಇಸ್ತ್ರಿಯವನು ಹೀಗಂದ. ಒಮ್ಮೆ ಟೇಪಣ್ಣನೇ ಹೋಗಿ ನೋಡಿ ಬಂದ. ಎತ್ತರದ ಆಳು, ತುಂಬಿದ ದನಿ, ಅಂಗಿಯ ಮೇಲೆ ಒಂದು ಸುಕ್ಕಿಲ್ಲ. ಅಂದಿನಿಂದ ಟೇಪಣ್ಣನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅದು ಅನುಮಾನ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ, ಎಚ್ಚರಿಕೆ ಎಂದೂ ಹೇಳಿಕೊಳ್ಳುತ್ತಿದ್ದ. ಅದೇನೂ ಅಲ್ಲ, ಶುದ್ಧ ಅಸೂಯೆ. ಮಸೂರ ಉಜ್ಜುವಾಗ ಕೈ ತಪ್ಪಿ, ದೂರದ್ದು ಕಾಣದವರಿಗೆ ಹತ್ತಿರದ ಕನ್ನಡಕ ಮಾಡಿಕೊಟ್ಟು ಬೈಸಿಕೊಂಡ.

ಅಂಗಡಿಯ ಡ್ರಾಯರಿನಲ್ಲಿ ಹೆಂಡತಿಯ ಹಳೆಯ ಫೋನು ಬಿದ್ದಿತ್ತು. ಬ್ಯಾಟರಿ ಸತ್ತಿದೆ ಎಂದು ಅವಳು ಕೊಟ್ಟಿದ್ದು, ಬಿಡಿಭಾಗಕ್ಕಾದೀತು ಎಂದು ಇವನು ಇಟ್ಟುಕೊಂಡದ್ದು. ಅದಕ್ಕೆ ಹೊಸ ಬ್ಯಾಟರಿ ಹಾಕಿದ, ಸಿಮ್ ಹಾಕಿದ. ಅದು ಇನ್ನೂ ಅವಳ ಖಾತೆಯಲ್ಲೇ ಇತ್ತು. ನಕಾಶೆ ತೆರೆದರೆ ಅವಳ ಹೊಸ ಫೋನು ಎಲ್ಲಿದೆಯೋ ಅಲ್ಲಿ ನೀಲಿ ಚುಕ್ಕೆ. ಹಳೆಯ ಫೋನು ಮಾರುವ ಮುನ್ನ ಖಾತೆಯಿಂದ ಹೊರಬನ್ನಿ ಎಂದು ಊರಿಗೆಲ್ಲ ಸಾರಿದವನು ಈಗ ಆ ಚುಕ್ಕೆಯನ್ನು ಗಿರಾಕಿಯ ಎದುರಲ್ಲೇ ಮೇಜಿನ ಕೆಳಗೆ ಹಿಡಿದು ನೋಡತೊಡಗಿದ. ನಾಚಿಕೆ ಆಗಲಿಲ್ಲವೇ ಅಂದರೆ, ಆಯಿತು. ನೋಡುವುದನ್ನೇನೂ ಬಿಡಲಿಲ್ಲ.

ಓವರ್‌ಟೈಮ್ ಇದೆ ಎಂದು ಅವಳು ಹೇಳಿದ್ದ ಸಂಜೆ ಚುಕ್ಕೆ ಲಾಂಡ್ರಿ ಬಿಟ್ಟು ಸೇತುವೆಯಾಚೆ ಹೋಯಿತು. ಅವನು ಅಂಗಡಿಯ ಷಟರ್ ಅರ್ಧ ಎಳೆದು ಹಿಂದೆಯೇ ಹೊರಟ. ಚುಕ್ಕೆ ಒಂದು ಔಷಧಿ ಅಂಗಡಿಯ ಮೇಲೆ ನಿಂತಿತ್ತು. ಫೋನನ್ನು ಜೇಬಿಗಿಳಿಸಿ ಪಕ್ಕದ ಮೆಟ್ಟಿಲು ಹತ್ತಿದ. ಮೇಲಿನಿಂದ ನಗು ಕೇಳಿಸುತ್ತಿತ್ತು.

ಬಾಗಿಲು ತೆರೆದೇ ಇತ್ತು. ಮಡಚುವ ಕುರ್ಚಿಗಳ ಮೇಲೆ ತಲೆ ನರೆತವರು ಫೋನು ಹಿಡಿದು ಕೂತಿದ್ದರು. ಗೋಡೆಗೆ ನೆರಿಗೆಯಿಲ್ಲದ ಬಿಳಿ ದುಪ್ಪಟಿ, ಅದರ ಮೇಲೆ ಹೆಂಡತಿಯ ಫೋನಿನ ಪರದೆ ದೊಡ್ಡದಾಗಿ ಬಿದ್ದಿತ್ತು. ಪ್ರೊಜೆಕ್ಟರ್ ಹಿಡಿದು ನಿಂತವನು ಇಸ್ತ್ರಿಯವನು. ಪಾಠ ಹೇಳುತ್ತಿದ್ದವಳು ಹೆಂಡತಿ. "ಟಾರ್ಚಿನ ಆ್ಯಪ್‌ಗೆ ನಿಮ್ಮತ್ತೆ ನಂಬರು ಯಾಕೆ ಬೇಕು ಹೇಳಿ" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಟೇಪಣ್ಣನ ಜೀವ ಅರೆಗಳಿಗೆ ಹಗುರಾಯಿತು. ಮರುಗಳಿಗೆಗೆ ಮೊದಲಿಗಿಂತ ಹೆಚ್ಚು ಉರಿಯಿತು. ಅದು ಅವನ ಮಾತು, ಅವನ ಜೋಕು. ಅವನು ಹೇಳಿದಾಗ ಒಬ್ಬನೂ ತುಟಿ ಅಲುಗಿಸಿರಲಿಲ್ಲ. ಇಲ್ಲಿ ಮುದುಕರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಇಸ್ತ್ರಿಯವನ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಈಗ ಹೆಂಡತಿಯ ಕಡೆಗೇ ತಿರುಗಿತು. ಸಂಜೆ ಹೊತ್ತು ಫೋನು ಮಗುಚಿ ನಗುತ್ತಿದ್ದದ್ದು ಈ ಪಾಠದ ತಯಾರಿಗೆ ಎಂಬುದೂ, ತನಗೆ ಹೇಳದೆ ಮಾಡಿದ್ದು ಯಾಕೆ ಎಂಬುದೂ ಅವನಿಗೆ ತಿಳಿಯಿತು. ಹೇಳಿದ್ದರೆ ಅವನು ಮುಂದಿನ ಕುರ್ಚಿಯಲ್ಲಿ ಕೂತು ಸಾಲು ಸಾಲಿಗೂ ತಪ್ಪು ಹಿಡಿಯುತ್ತಿದ್ದ.

ಮುಂದೆ ಕೂತಿದ್ದ ಅಜ್ಜಿಯೊಬ್ಬರು, ಕಳೆದುಹೋದ ಫೋನು ಹುಡುಕುವುದು ಹೇಗೆ ಎಂದು ಕೇಳಿದರು. ಹೆಂಡತಿ ತನ್ನ ಹಳೆಯ ಫೋನನ್ನೇ ಉದಾಹರಣೆಗೆ ತೆಗೆದುಕೊಂಡಳು. ಅದು ತನ್ನ ಯಜಮಾನರ ಡ್ರಾಯರಿನಲ್ಲಿ ಸತ್ತು ಬಿದ್ದಿದೆ, ಕೂಗಲಾರದು, ಆದರೂ ಒತ್ತಬೇಕಾದ್ದು ಇದನ್ನು ಎಂದು ತೋರಿಸಿ ಒತ್ತಿದಳು.

ಬಾಗಿಲಲ್ಲಿ ನಿಂತವನ ಜೇಬು ಕಿರುಚಿಕೊಂಡಿತು. ಸೈಲೆಂಟ್‌ನಲ್ಲಿದ್ದರೂ ಕೂಗುತ್ತದೆ ಎಂದು ಅವಳಿಗೆ ಕಲಿಸಿದವನೂ ಅವನೇ. ಕುರ್ಚಿಗಳೆಲ್ಲ ತಿರುಗಿದವು. ಇದೂ ಪಾಠದ ಭಾಗ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು, ಇಸ್ತ್ರಿಯವನೂ ತಟ್ಟಿದ. ಟೇಪಣ್ಣ ಫೋನು ಹೊರತೆಗೆದು ಅದರ ಕೂಗು ನಿಲ್ಲಿಸಲು ಒದ್ದಾಡುವವರೆಗೂ ಅವಳು ಅವನನ್ನೇ ನೋಡುತ್ತಿದ್ದಳು. ಆಮೇಲೆ ಜನರ ಕಡೆ ತಿರುಗಿದಳು.

"ಫೋನು ಬೇರೆಯವರ ಕೈಯಲ್ಲಿದ್ರೆ ಏನು ಮಾಡ್ಬೇಕು, ಅದನ್ನೂ ನೋಡ್ಕೊಳ್ಳಿ" ಎಂದು ಇನ್ನೊಂದು ಗುಂಡಿ ಒತ್ತಿದಳು. ಅವನ ಕೈಯಲ್ಲಿದ್ದ ಫೋನು ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ಒಳಗಿದ್ದದ್ದೆಲ್ಲ ಅಳಿಸಿಹೋಗಿ, ಯಾರನ್ನೂ ಅರಿಯದ ಹೊಸ ಫೋನಿನಂತೆ, ಯಾವ ಭಾಷೆ ಬೇಕು ಎಂದು ಕೇಳಿತು.

ಪಾಠ ಮುಗಿಯುವವರೆಗೂ ಅವನು ಮೆಟ್ಟಿಲ ಮೇಲೆ ಕಾದ. ಅವಳು ಇಳಿದು ಬಂದಾಗ, ತಾನು ಏನೋ ಅಂದುಕೊಂಡೆ ಎಂದು ತೊದಲಿದ. ಅವಳು ದನಿ ಏರಿಸಲಿಲ್ಲ.

"ರೀ, ನಿಮ್ಮ ಮಾತನ್ನ ನಂಬಿದ್ದವಳು ನಾನೊಬ್ಬಳೇ ಇದ್ದೆ. ಇವತ್ತು ಮೇಲ್ಗಡೆ ಅಷ್ಟು ಜನ ನಂಬಿದ್ರು. ಇನ್ನು ನಾನು ಹೇಗೆ ನಂಬಲಿ, ನೀವೇ ಹೇಳಿ."

ಅವಳು ಒಂದು ಮೆಟ್ಟಿಲು ಕೆಳಗೆ ಕೂತು, ತನ್ನ ಫೋನು ತೆಗೆದು ಪಾಸ್‌ವರ್ಡ್ ಬದಲಾಯಿಸತೊಡಗಿದಳು. ಅವನ ಕಡೆಗೆ ಅಂಗೈ ಅಡ್ಡ ಹಿಡಿದಿದ್ದಳು, ಅವನೇ ಕಲಿಸಿಕೊಟ್ಟ ಹಾಗೆ.