ಮಹಮೂದಾ ಬೇಗಂ ಕಾಯುವ ನೆತ್ತಿಗಳು

ತೊಗರಿ ಹೂ ಬಿಟ್ಟು, ಇಬ್ಬನಿಗೆ ಹೊಲದ ಬದು ಒದ್ದೆಯಾಗುವ ದಿನಗಳಲ್ಲಿ ಶುರುವಾದ ಮಾತಿದು. ಹೊತ್ತು ಇನ್ನೂ ಮೂಡಿಲ್ಲ. ಬೀದರಿನ ಮೈಲೂರಿನಿಂದ ಶಾಲು ಹೊದ್ದು ನಡೆದು ಬರುವ ಮಹಮೂದಾ ಬೇಗಂ, ಕೂದಲಿನ ದವಾಖಾನೆಯೊಂದರ ಶಟರ್ ಅರ್ಧಕ್ಕೆ ಎತ್ತುತ್ತಾರೆ. ಪೂರ್ತಿ ಎತ್ತುವುದಿಲ್ಲ. ಬಗ್ಗಿ ಒಳಗೆ ಬರುವವರಿಗೆ ಅಷ್ಟು ಸಾಕು, ಬೀದಿಯಿಂದ ಇಣುಕುವವರಿಗೆ ಅಷ್ಟು ಸಾಲದು.

ಔರಾದ ಕಡೆಯಿಂದ, ಭಾಲ್ಕಿ ಕಡೆಯಿಂದ ಮೊದಲ ಬಸ್ಸು ಹಿಡಿದು ಹೆಂಗಸರು ಬರುತ್ತಾರೆ. ಬಜಾರ ತೆರೆದು ಗುರುತಿನವರ ಕಣ್ಣು ಬೀಳುವ ಮೊದಲೇ ಒಳಗೆ ಸೇರಿಬಿಡಬೇಕು. ಡಾಕ್ಟರ್ ಅಫ್ರೋಜ ಬರುವುದು ಒಂಬತ್ತಕ್ಕೆ. ಅಲ್ಲಿಯವರೆಗೆ ಕಟ್ಟಡದಲ್ಲಿ ಗಂಡಸೆಂಬುವವರು ಇರುವುದಿಲ್ಲ. ಬುರ್ಖಾ ಗೂಟಕ್ಕೆ ಹೋಗುತ್ತದೆ, ಸೆರಗು ಹೆಗಲಿಗೆ ಇಳಿಯುತ್ತದೆ. ಬೆಂಚಿನ ಮೇಲೆ ಸರದಿ ಕಾಯುವ ಎಲ್ಲರಿಗೂ ಮಹಮೂದಾ ಚಹಾ ಕೊಡುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ಬಾಚಣಿಗೆಯ ಬಾಲದಿಂದ ಬೈತಲೆ ತೆಗೆದು, ದವಾಖಾನೆಯ ಫೋನಿನಲ್ಲಿ ನೆತ್ತಿಯ ಫೋಟೋ ಹಿಡಿಯುತ್ತಾರೆ.

ಸಂಬಳದ ಲೆಕ್ಕದಲ್ಲಿ ಅವರು ಆಯಾ. ಕಸ ಗುಡಿಸುವುದು, ಚಾದರ ಒಗೆಯುವುದು, ಸೂಜಿ ಚುಚ್ಚುವಾಗ ಕೈ ಹಿಡಿದು ನಿಲ್ಲುವುದು. ಫೋಟೋದ ಕೆಲಸ ಅವರಿಗೆ ಬಂದದ್ದು ಬೇರೆ ಯಾರಿಗೂ ಹೆಂಗಸರು ತಲೆ ಬಾಗಿಸಲಿಲ್ಲವಾದ್ದರಿಂದ. ಆದರೆ ಫೋಟೋ ಬೇಕೇ ಬೇಕು. ಹೋದ ತಿಂಗಳ ಬೈತಲೆ ಎಷ್ಟು ಅಗಲವಿತ್ತು, ಈ ತಿಂಗಳು ಎಷ್ಟಿದೆ ಎಂದು ಪಕ್ಕಪಕ್ಕಕ್ಕೆ ಇಟ್ಟು ನೋಡಿಯೇ ಡಾಕ್ಟರು ಚಿಕಿತ್ಸೆ ಮುಂದುವರಿಸಬೇಕೋ ಬಿಡಬೇಕೋ ಹೇಳುವುದು. ಫೋನು ತೆರೆಯುವ ನಂಬರು ಡಾಕ್ಟರಿಗೆ ಗೊತ್ತು, ಮಹಮೂದಾಗೆ ಗೊತ್ತು. ಮೂರನೆಯವರಿಗಿಲ್ಲ.

ಫೋಟೋ ಹಿಡಿಯುವ ಮೊದಲು ಅವರು ಪ್ರತಿಯೊಬ್ಬರಿಗೂ ಒಂದು ಮಾತು ಹೇಳುತ್ತಾರೆ. "ಇದು ನನ್ನ ಹತ್ರ ಅಮಾನತ್ ಅದ ನೋಡ್ರಿ." ದಖನಿ ಮಾತಿನ ಮನೆಗಳಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕೊಟ್ಟವರು ಕೇಳಿದಾಗ ಕೊಟ್ಟ ಹಾಗೆಯೇ ತಿರುಗಿ ಕೊಡಬೇಕಾದದ್ದು.

ಇಲ್ಲಿ ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಬೇರೆ ಕಡೆಯ ಕೂದಲು ಕಿತ್ತು ನೆಡುವುದೂ ಇಲ್ಲ. ತಪಾಸಣೆಗೆ ತೆಗೆಯುವ ಹಾಗೆ ತೋಳಿನಿಂದ ರಕ್ತ ತೆಗೆದು ಯಂತ್ರದಲ್ಲಿ ಗರಗರ ತಿರುಗಿಸುತ್ತಾರೆ. ಕೆಂಪು ಕೆಳಗೆ ಕೂರುತ್ತದೆ, ಮೇಲೆ ಜೇನಿನ ಬಣ್ಣದ ನೀರು ನಿಲ್ಲುತ್ತದೆ. ಅದನ್ನು ಸಣ್ಣ ಸೂಜಿಯಿಂದ ಅದೇ ಹೆಂಗಸಿನ ನೆತ್ತಿಗೆ ಹಾಕುತ್ತಾರೆ. ಪಿ.ಆರ್.ಪಿ. ಎಂದು ಅದರ ಹೆಸರು. ತಿಂಗಳಿಗೊಮ್ಮೆಯಂತೆ ಕೆಲವು ಸಲ ಬರಬೇಕು, ಫಲ ಕಾಣಲು ಇನ್ನೂ ಕೆಲವು ತಿಂಗಳು ಕಾಯಬೇಕು. ಬಂದವರಿಗೆಲ್ಲ ಸೂಜಿಯಿಲ್ಲ. ಬಾಣಂತನದಲ್ಲಿ ಉದುರಿದ ಕೂದಲು ಬಹುಪಾಲು ತಾನೇ ಬರುತ್ತದೆ ಎಂದು ಕೆಲವರನ್ನು ಡಾಕ್ಟರು ಹಾಗೆಯೇ ಕಳಿಸುತ್ತಾರೆ. ರಕ್ತ ಕಡಿಮೆಯಿದ್ದವರಿಗೆ ಮೊದಲು ಅದಕ್ಕೆ ಔಷಧ. ಎಲ್ಲ ಸರಿಯಿದ್ದೂ ಕೂದಲು ಬಾರದವರೂ ಇದ್ದಾರೆ. ಅವರು ಬಂದು ಅತ್ತು ಹೋಗುವುದೂ ಇದೇ ಬೆಂಚಿನಿಂದ.

ಠಾಣಾ ಕುಶನೂರಿನ ಲಲಿತಾಬಾಯಿ ಕುರಿ ಸಾಕಿದವರು. ಸೊಸೆ ಮಾಯಾಳನ್ನು ಕರೆದುಕೊಂಡು ಬರುತ್ತಾರೆ. ಯಂತ್ರ ತಿರುಗುವುದನ್ನು ಮೊದಲ ದಿನ ನೋಡಿ ಅವರು ಬೆಂಚಿಗೆಲ್ಲ ಸಾರಿದರಂತೆ: "ಮಜ್ಜಿಗಿ ಕಡದಂಗ ರಕ್ತ ಕಡದು ಬೆಣ್ಣಿ ತೆಗೀತಾರವ್ವಾ. ಕುರಿ ತುಪ್ಪಟ ಕತ್ತರಿಸಿದ್ರ ಮತ್ತ ಬರ್ತದ, ನಮ್ಮ ಸೊಸಿದು ಯಾಕ ಬರಂಗಿಲ್ಲ?"

ಹಿಂದಿನದು ನೆನಪಿದ್ದವರಿಗೆ ಗೊತ್ತು. ವಿಷಮಜ್ವರದಿಂದ ಎದ್ದ ಹೆಂಗಸಿನ ಕೂದಲು ಉದುರಿದರೆ ಉಳ್ಳಾಗಡ್ಡಿ ತಿಕ್ಕುತ್ತಿದ್ದರು, ದರ್ಗಾಕ್ಕೆ ಹರಕೆ ಹೊರುತ್ತಿದ್ದರು, ಮದುವೆಗೆ ಹೋಗುವ ದಿನ ಯಾರದೋ ಚೌರಿ ಕೇಳಿ ತಂದು ಜಡೆ ಹೆಣೆಯುತ್ತಿದ್ದರು. ಉಳಿದ ದಿನ ಸೆರಗು. ಗಂಡಸಿನ ತಲೆ ಬೋಳಾದರೆ ಹಿರಿತನ ಬಂತೆನ್ನುವ ಊರು, ಹೆಂಗಸಿನ ಬೈತಲೆ ಒಂದು ಬೆರಳು ಅಗಲವಾದರೆ ಏನು ಪಾಪ ಮಾಡಿದ್ದಳೋ ಎನ್ನುತ್ತಿತ್ತು. ಈಗಲೂ ಎನ್ನುತ್ತದೆ, ದನಿ ಸ್ವಲ್ಪ ಇಳಿಸಿ.

ಮಹಮೂದಾ ಅವರಿಗೆ ಸ್ವತಃ ಈ ಕಷ್ಟವಿಲ್ಲ. ಐವತ್ತು ದಾಟಿದರೂ ಮೊಣಕೈ ದಪ್ಪದ ಜಡೆ. ಖಾಲಾ, ನಿಮ್ಮ ಜಡೆ ಹೆಬ್ಬಾವು, ರಾತ್ರಿ ಗಂಡನನ್ನು ನುಂಗೀತು ಎಂದು ಬೆಂಚಿನವರು ಕಾಡುತ್ತಾರೆ. ಹಿಂದೂಗಳೂ ಮುಸಲ್ಮಾನರೂ ಎಲ್ಲರೂ ಅವರನ್ನು ಖಾಲಾ, ಚಿಕ್ಕವ್ವ, ಎಂದೇ ಕರೆಯುವುದು. ಗಂಡ ದಸ್ತಗೀರ ತತ್ತಿ ಮಾರುವವರು, ಜಡೆಗೆ ಹೆದರಿದ ಲಕ್ಷಣವಿಲ್ಲ.

ಕಷ್ಟ ಬಂದದ್ದು ತಂಗಿ ರುಖ್ಸಾರಳಿಗೆ. ಅವಳ ತಲೆಯಲ್ಲಿ ರೂಪಾಯಿ ಅಗಲದ ಬಯಲುಗಳು ಬಿದ್ದವು. ನಿಕಾಹ್ ಗೊತ್ತಾಗಿತ್ತು. ಬಳಗದ ಮದುವೆಯೊಂದರಲ್ಲಿ, ಹೆಂಗಸರ ಕೋಣೆಯಲ್ಲಿ ಅವಳು ಓಢಣಿ ಸರಿಪಡಿಸಿಕೊಳ್ಳುವಾಗ ಯಾರೋ ಹಿಂದಿನಿಂದ ಮೊಬೈಲಿನಲ್ಲಿ ಫೋಟೋ ಹಿಡಿದರು. ಆ ಫೋಟೋ ಹುಡುಗನ ಮನೆ ಮುಟ್ಟಿತು. ನಿಕಾಹ್ ಮುರಿಯಿತು. ರುಖ್ಸಾರ ಈಗ ಭಾಲ್ಕಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಕೂದಲು ಎಷ್ಟೋ ಮಟ್ಟಿಗೆ ತಾನೇ ಬಂದಿದೆ. ಮದುವೆಯ ಮಾತು ತೆಗೆದರೆ ನನಗೆ ಇದು ಸಾಕು ಎಂದು ಅಳತೆ ಟೇಪು ತೋರಿಸುತ್ತಾಳಂತೆ.

"ಕೂದ್ಲ ಹೋದದ್ದಕ್ಕ ಆಕಿ ಅತ್ತಿಲ್ರಿ," ಎನ್ನುತ್ತಾರೆ ಮಹಮೂದಾ. "ಕೇಳದೇ ತೆಗದ್ರಲ್ಲ, ಅದಕ್ಕ ಅತ್ತಾಳ."

ಬುರ್ಖಾದೊಳಗಿನ ಕೂದಲು ನೋಡುವವರು ಯಾರು, ಅದಕ್ಕೇಕೆ ಇಷ್ಟು ಖರ್ಚು ಎಂದು ಹೆಂಡತಿಯನ್ನು ಇಲ್ಲಿಗೆ ತಲುಪಿಸಲು ಬಂದ ಗಂಡಸರು ಬಾಗಿಲಲ್ಲಿ ನಿಂತು ಗೊಣಗುವುದುಂಟು. ಮಹಮೂದಾ ಕಸಬರಿಗೆ ಕೆಳಗಿಡದೆಯೇ ಉತ್ತರ ಕೊಡುತ್ತಾರೆ. "ಹೊಟ್ಟಿನೂ ಅಂಗಿ ಒಳಗೇ ಅದ. ಯಾರೂ ನೋಡಂಗಿಲ್ಲಂತ ನೀವು ಉಣ್ಣದೇ ಇರ್ತೀರೇನ್ರಿ?"

ಈ ಹೆಣ್ಣುಮಗಳ ಗಟ್ಟಿತನ ಪರೀಕ್ಷೆಗೆ ಬಂದದ್ದು ಈ ಹಂಗಾಮಿನಲ್ಲೇ. ಡಾಕ್ಟರು ಭಾಲ್ಕಿಯಲ್ಲಿ ಇನ್ನೊಂದು ದವಾಖಾನೆ ತೆರೆಯುವ ತಯಾರಿಯಲ್ಲಿದ್ದರು. ಉಸ್ತುವಾರಿ ಮಡೆಪ್ಪನವರದು. ಸರಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾಗಿ ಇಲ್ಲಿ ಮ್ಯಾನೇಜರ್ ಆದವರು. ಕಚೇರಿಯ ಕನ್ನಡ ಇನ್ನೂ ಅವರ ನಾಲಿಗೆಯಿಂದ ಇಳಿದಿಲ್ಲ. ಭಾಲ್ಕಿ ಬಸ್ ನಿಲ್ದಾಣದ ಎದುರು ದೊಡ್ಡ ಬೋರ್ಡು ಹಾಕಬೇಕು, ಅದರಲ್ಲಿ ಮಾಯಾಳ ಫೋಟೋ ಇರಬೇಕು, ಮೊದಲು ಹೀಗಿತ್ತು ಈಗ ಹೀಗಿದೆ ಎಂದು ತೋರಿಸಬೇಕು ಎಂದು ಅವರು ಅಂದರು. ಚಿಕಿತ್ಸೆ ಫಲಿಸಿದವರಲ್ಲಿ ಮಾಯಾಳದೇ ಎದ್ದು ಕಾಣುವಂಥದು. ಮುಖ ಬರುವುದಿಲ್ಲ, ಬರೀ ನೆತ್ತಿ, ಇದರಲ್ಲಿ ಯಾರ ಮರ್ಯಾದೆ ಹೋಗುತ್ತದೆ ಎಂಬುದು ಅವರ ವಾದ. ನಾಲ್ಕು ಮಂದಿಗೆ ಧೈರ್ಯ ಬರಲಿ ಎಂಬ ಆಸೆಯೂ ಅದರಲ್ಲಿತ್ತು, ಸುಳ್ಳಲ್ಲ.

ಮಾಯಾಳ ಬೈತಲೆಯ ಮೇಲೆ ಗಾಯದ ಗೆರೆಯಿದೆ. ಚಿಕ್ಕವಳಿದ್ದಾಗ ಕುರಿದೊಡ್ಡಿಯ ತಗಡು ಬಡಿದದ್ದು. ತವರಿನಲ್ಲಿ ಅವಳಿಗೆ ಎಣ್ಣೆ ಹಚ್ಚಿದವರಿಗೆಲ್ಲ ಅದು ಗೊತ್ತು, ಬೋರ್ಡಿನಲ್ಲಿ ಕಂಡರೆ ಗುರುತು ಹಿಡಿದಾರು. ಆದರೆ ಮಹಮೂದಾ ಗಾಯದ ಮಾತನ್ನೇ ಎತ್ತಲಿಲ್ಲ. ಯಾರಿಗೂ ಗುರುತು ಸಿಗದಿದ್ದರೂ ಕೊಡುವುದಿಲ್ಲ, ಅದು ಅಮಾನತ್ ಎಂದರು. ಬುಧವಾರ ಸಂಜೆಯ ಮಾತಿದು. ಮಡೆಪ್ಪನವರು ಫೋನಿನ ನಂಬರು ಕೇಳಿದರು, ಇವರು ಹೇಳಲಿಲ್ಲ. ಅವರು ಮತ್ತೆ ಕೇಳಿದರು, ಇವರು ನೆಲ ಒರೆಸಲು ಕೂತರು. ಸಿಟ್ಟಿಗೆದ್ದ ಮಡೆಪ್ಪನವರು ಕಚೇರಿಯ ಗತ್ತಿನಲ್ಲಿ ಹುಕುಂ ಮಾಡಿದರು: "ಹಂಗಾದ್ರ ನಾಳಿಯಿಂದ ನಿನ್ನ ಅಮಾನತ್ತಿನಾಗ ಇಟ್ಟೀನಿ."

ಮಹಮೂದಾ ಶುಕ್ರಿಯಾ ಹೇಳಿ ಮನೆಗೆ ಹೋದರು. ಸಾಹೇಬರಿಗೆ ಕಡೆಗೂ ಅರ್ಥವಾಯಿತು, ಫೋಟೋದ ಜೊತೆಗೆ ನನ್ನನ್ನೂ ಜತನ ಮಾಡುತ್ತಾರಂತೆ ಎಂದು ಗಂಡನಿಗೆ ಹೇಳಿ ನೆಮ್ಮದಿಯಿಂದ ಮಲಗಿದರು.

ಗುರುವಾರ ಎಂದಿನಂತೆ ಶಟರ್ ಅರ್ಧ ಎದ್ದಿತು. ಮಾಯಾ, ಲಲಿತಾಬಾಯಿ, ಭಾಲ್ಕಿಯ ಹೆಂಗಸರು ಬಂದು ಕೂತರು. ಅಂದು ಬೇಗನೆ ಬಂದ ಮಡೆಪ್ಪನವರು ಕೆಮ್ಮಿ ಒಳಗೆ ಬಂದರೆ, ಚಹಾದ ತಟ್ಟೆ ಹಿಡಿದು ಮಹಮೂದಾ ಎದುರಾದರು. ನಿನ್ನೆಯೇ ಅಮಾನತು ಮಾಡಿದ್ದೇನಲ್ಲ, ಹೇಗೆ ಬಂದೆ ಎಂದು ಅವರು ಕೇಳಿದರು.

"ಹೌದ್ರಿ ಸಾಹೇಬ್ರ, ಅಮಾನತ್ ಅಂದ್ರಿ. ಅಮಾನತ್ ಇಟ್ಟದ್ದು ಯಾರರ ಹೊರಗ ಒಗೀತಾರೇನ್ರಿ?"

ಬೆಂಚಿನ ಮೇಲೆ ನಗೆ ಎದ್ದಿತು. ಮಡೆಪ್ಪನವರು ಕೆಂಪಾಗಿ, ಕೆಲಸ ಇಲ್ಲ, ಸಂಬಳ ಇಲ್ಲ, ಬರುವುದು ಬೇಡ, ಅದು ಅಮಾನತು ಎಂದು ಬಿಡಿಸಿ ಹೇಳಿದರು. ಮಹಮೂದಾ ತಟ್ಟೆ ಕೆಳಗಿಟ್ಟರು. ಸೊಂಟದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು, ಅದರ ಪಕ್ಕಕ್ಕೆ ಫೋನು ಇಟ್ಟರು.

"ಫೋನ್ ದವಾಖಾನಿದು, ತಗೋರಿ. ನೆತ್ತಿ ಅವರವರದು. ಅದನ್ನ ಅವರಿಗೆ ಕೇಳಿ ತಗೋರಿ."

ಮಡೆಪ್ಪನವರು ಕೇಳಿಯೇಬಿಟ್ಟರು. ಏನವ್ವಾ, ಹಾಕೋಣೇನು, ಮುಖ ಬರುವುದಿಲ್ಲ ಎಂದು ಮಾಯಾಳ ಕಡೆ ತಿರುಗಿದರು. ಇಷ್ಟು ತಿಂಗಳಲ್ಲಿ ಆ ಹುಡುಗಿ ಡಾಕ್ಟರ ಮುಂದೆ ಕೂಡ ಅತ್ತೆಯ ಬಾಯಿಂದಲೇ ಮಾತಾಡಿದವಳು. ಅಂದು ಲಲಿತಾಬಾಯಿ ಬಾಯಿ ತೆರೆಯುವ ಮೊದಲೇ ಎದ್ದು ನಿಂತಳು.

"ನನ್ನ ನೆತ್ತಿ ನಮ್ಮ ಅತ್ತಿಗಿ ತೋರಸ್ಲಾಕೇ ಎರಡು ವರ್ಷ ಬೇಕಾದುವ್ರಿ ನನಗ. ಭಾಲ್ಕಿ ಬಸ್ ಸ್ಟ್ಯಾಂಡಿಗಿ ತೋರಸಂಗಿಲ್ಲ."

ಹಾಗಾದರೆ ಕೂದಲು ಬಂದದ್ದಕ್ಕೆ ಪುರಾವೆ ಏನು ಎಂದು ಮಡೆಪ್ಪನವರು ಅಂದದ್ದಕ್ಕೆ ಲಲಿತಾಬಾಯಿ ಕೂತಲ್ಲಿಂದಲೇ ಅಂದರು: "ನಮ್ಮ ಸೊಸಿ ತಲಿ ಮ್ಯಾಲ ಅದ ಪುರಾವಾ. ನಿಮಗ ಬೇಕಂದ್ರ ನಿಮ್ಮ ತಲಿ ಮ್ಯಾಲ ಬೆಳಸ್ರಿ."

ಡಾಕ್ಟರ್ ಅಫ್ರೋಜ ಬಂದಾಗ ಒಬ್ಬರೂ ಸ್ಟೂಲಿನ ಮೇಲೆ ಕೂತಿರಲಿಲ್ಲ. ಎಲ್ಲರೂ ಬುರ್ಖಾ ಹಾಕಿಕೊಂಡು, ಸೆರಗು ಹೊದ್ದು, ಚಪ್ಪಲಿ ಮೆಟ್ಟಿ ನಿಂತಿದ್ದರು. ಖಾಲಾ ಹೋದರೆ ನಾವೂ ಹೊರಟೆವು ಎಂದರು. ಡಾಕ್ಟರು ಎಲ್ಲ ಕೇಳಿ, ಬೋರ್ಡಿನ ಮೇಲೆ ಹೆಸರು ವಿಳಾಸ ಸಾಕು, ಯಾರ ತಲೆಯೂ ಬೇಡ ಎಂದು ತೀರ್ಮಾನ ಕೊಟ್ಟರು. ಬೀಗದ ಕೈ ಮಹಮೂದಾ ಅವರ ಸೊಂಟಕ್ಕೆ ಮರಳಿತು. ಹಿರಿಯರೆದುರು ಮಾತು ಬೆಳೆಸಿದ್ದಕ್ಕೆ ತಪ್ಪಾಯಿತು ಎಂದುಬಿಡು, ಅಲ್ಲಿಗೆ ಮುಗಿಯಲಿ ಎಂದೂ ಡಾಕ್ಟರು ಹೇಳಿ ನೋಡಿದರು. ಮಹಮೂದಾ ಒಪ್ಪಲಿಲ್ಲ. ವಯಸ್ಸಿಗೆ ಬೇಕಾದರೆ ಸಲಾಂ ಮಾಡುತ್ತೇನೆ, ಈ ಮಾತಿಗೆ ತಪ್ಪು ಅನ್ನುವುದಿಲ್ಲ ಎಂದರು.

ಮಡೆಪ್ಪನವರಿಗೆ ಅದನ್ನು ಸಹಿಸಲಾಗಲಿಲ್ಲ. ಆಯಾಳ ಮಾತು ನಡೆಯುವ ಕಡೆ ನನ್ನ ಮಾತಿಗೆ ಜಾಗವಿಲ್ಲ, ಭಾಲ್ಕಿಯ ದವಾಖಾನೆಯಲ್ಲೇ ಇರುತ್ತೇನೆ ಎಂದು ಶನಿವಾರ ತಮ್ಮ ಸಾಮಾನು ಕಟ್ಟಿದರು. ಅವರು ಮೆಟ್ಟಿಲಿಳಿಯುವಾಗ ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರೆ, ಮಹಮೂದಾ ಕಣ್ಣಲ್ಲೇ ಗದರಿಸಿದರಂತೆ.

ಆ ದಿನದ ಮಾತು ಈಗ ಕೇಳಿದರೆ ಮಹಮೂದಾ ಕಸಬರಿಗೆ ಗೋಡೆಗೆ ಒರಗಿಸಿ ನಿಲ್ಲುತ್ತಾರೆ. "ನಾ ತಪ್ಪಾತಂತ ಅಂದಿಲ್ರಿ. ಅವರೂ ಅಂದಿಲ್ಲ. ಚಹಾ ಕೊಟ್ಟೆ, ಕುಡದ್ರು. ಕಪ್ಪು ಕೆಳಗಿಟ್ಟು ಭಾಲ್ಕಿ ಬಸ್ಸಿಗಿ ಹೋದ್ರು, ಶನಿವಾರ."