ಹೊಸತಿಗೆ ಬಾವನ ಅಪ್ಪಣೆ

ಮನುಷ್ಯನ ಶರೀರ ನಶ್ವರವಾದದ್ದು. ನನ್ನ ಬಾವನ ಹೊಟ್ಟೆಯನ್ನು ನೋಡಿದವರಿಗೆ ಮಾತ್ರ ಇದನ್ನು ನಂಬಿಸುವುದು ಕಷ್ಟವಿತ್ತು. ಬಂದ್ಯೋಡಿನ ಅವರ ಹಾರ್ಡ್‌ವೇರ್ ಅಂಗಡಿಯ ಬಾಗಿಲಲ್ಲಿ ಮೊದಲು ಹೊಟ್ಟೆ ಕಾಣಿಸಿಕೊಳ್ಳುತ್ತಿತ್ತು. ಬಾವ ಅದರ ಹಿಂದಿನಿಂದ ಬರುತ್ತಿದ್ದರು. ಅಂಗಿಯ ಕೆಳಗಿನ ಗುಂಡಿ ಎಂದೋ ನಿವೃತ್ತಿ ಪಡೆದಿತ್ತು. ನೆಂಟರ ಮನೆಯ ಪಂಕ್ತಿಯಲ್ಲಿ ಕೂತು, "ಎಂತ ಮಾರಾಯ, ಪಾಯಸ ಬಡಿಸುವುದಾ, ಬರೇ ತೋರಿಸುವುದಾ?" ಎಂದು ಕೇಳುವ ಅಧಿಕಾರ ಅವರೊಬ್ಬರಿಗೇ ಇತ್ತು.

ಆ ಹೊಟ್ಟೆಯಲ್ಲೇ ಕ್ಯಾನ್ಸರ್ ಸಿಕ್ಕಿತು. ಮಂಗಳೂರಿನಲ್ಲಿ ಆಪರೇಷನ್ ಆಗಿ ಜಠರದ ದೊಡ್ಡ ಪಾಲು ಹೋಯಿತು. ರೋಗ ಪೂರ್ತಿ ತೆಗೆದಾಗಿದೆ, ಸ್ವಲ್ಪ ಸ್ವಲ್ಪವೇ ಉಣ್ಣಬಹುದು ಎಂದರು ಡಾಕ್ಟರು. ಬಾವ ಉಣ್ಣಲಿಲ್ಲ. ಒಂದು ತೇಗು ಬಂದರೆ ಸಾಕು, ಹೊಟ್ಟೆ ಒತ್ತಿ ನೋಡಿಕೊಂಡು, "ರೋಗ ವಾಪಸು ಬಂತು" ಎನ್ನುತ್ತಿದ್ದರು. ಅಂಗಡಿಯ ಕಡೆ ತಲೆ ಹಾಕಲಿಲ್ಲ. ಕಿತ್ತಳೆ ಹಿಡಿದು ನೋಡಲು ಬಂದವರೆಲ್ಲ "ಧೈರ್ಯ ತಂದುಕೊಳ್ಳಿ" ಎಂದು ಹೇಳಿ ಹೋದರು. ಆ ಧೈರ್ಯ ಹೊಸಂಗಡಿ ಪೇಟೆಯ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಒಬ್ಬರೂ ತಿಳಿಸಲಿಲ್ಲ. ತೂಕ ಇಳಿಯುತ್ತಲೇ ಇತ್ತು. ಹೀಗೇ ಆದರೆ ರೋಗವಲ್ಲ, ಉಪವಾಸವೇ ಕೊಲ್ಲುತ್ತದೆ ಎಂದು ಡಾಕ್ಟರು ನನ್ನ ಅಕ್ಕನನ್ನು ಎಚ್ಚರಿಸಿದರು.

ಅಷ್ಟರಲ್ಲಿ ಹೊಸ ಅಕ್ಕಿಯ ಊಟದ ದಿನ ಬಂತು. ಅಂದು ಎಲೆಯ ಮುಂದೆ ಕೂತವರೆಲ್ಲ ಮನೆಯ ಹಿರಿಯರತ್ತ ತಿರುಗಿ "ಹೊಸತು ಉಣ್ಣುತ್ತೇನೆ" ಎಂದು ಅಪ್ಪಣೆ ಕೇಳಬೇಕು. ಅವರು "ಉಣ್ಣಿ" ಎಂದು ಮೊದಲ ತುತ್ತು ಎತ್ತುವ ತನಕ ಯಾರೂ ಅನ್ನ ಮುಟ್ಟುವಂತಿಲ್ಲ. ಆ ಮನೆಗೆ ಹಿರಿಯರು ಬಾವ.

ಎಲ್ಲರೂ ಕೇಳಿದೆವು. ಬಾವ ಗೋಡೆಗೆ ಒರಗಿ, "ನನ್ನನ್ನು ಕೇಳ್ಬೇಡಿ. ಬರುವ ವರ್ಷ ನಾನಿಲ್ಲ. ಈಗಲೇ ನನ್ನ ತಮ್ಮನನ್ನು ಕೇಳಿ ಅಭ್ಯಾಸ ಮಾಡಿಕೊಳ್ಳಿ" ಎಂದರು.

ತಮ್ಮ ತಲೆ ತಗ್ಗಿಸಿದ. ಅಕ್ಕ ಸೌಟು ಕೆಳಗಿಟ್ಟಳು.

"ಕಣ್ಣೆದುರು ಕೂತಿದ್ದೀರಲ್ಲ! ಇರುವವರನ್ನು ಬಿಟ್ಟು ಬೇರೆಯವರನ್ನು ಕೇಳುವುದು ಎಂತ ಕ್ರಮ?"

ಬಾವ ಅಕ್ಕನತ್ತ ತಿರುಗಿದರು. "ನನಗೆ ಹೆದರಿಕೆ ಆಗ್ತದೆ ಮಾರಾಯ್ತಿ."

ಅಷ್ಟು ತಿಂಗಳಲ್ಲಿ ಅವರು ಆ ಮಾತು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಕ್ಕ ಅವರ ಪಕ್ಕದಲ್ಲಿ ಕೂತಳು.

"ಆಗಲಿ. ಹೆದರಿಕೊಂಡೇ ಹೇಳಿ."

ಬಾವ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ಉಣ್ಣಿ" ಎಂದರು. ನಾಲ್ಕು ಅಗುಳು ಬಾಯಿಗಿಟ್ಟು, ತುಂಬ ಹೊತ್ತು ಅಗಿದು, ನುಂಗಿದರು. ನಮ್ಮೆಲ್ಲರ ಅನ್ನ ತಣ್ಣಗಾಗಿತ್ತು. ಅಷ್ಟು ರುಚಿಯ ಊಟವನ್ನು ನಾನು ಮತ್ತೆ ಉಂಡಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಹೆದರಿಕೆಯ ಮಾತನ್ನು ಡಾಕ್ಟರಿಗೂ ಹೇಳಿದರು. ಇಂಥ ಆಪರೇಷನ್ ಆದ ಹಲವರಿಗೆ ಹೀಗಾಗುತ್ತದೆ, ಇದಕ್ಕೂ ಮದ್ದು ಉಂಟು ಎಂದು ಅವರು ಮನೋರೋಗದ ಡಾಕ್ಟರ ಬಳಿಗೆ ಕಳಿಸಿದರು. ಬಾವ ಮಾತ್ರೆ ನುಂಗಿದರು, ಮಾತಾಡಿದರು, ಊಟವನ್ನು ಕಂತುಗಳಲ್ಲಿ ಮಾಡತೊಡಗಿದರು. ನಿಧಾನವಾಗಿ ಅಂಗಡಿಗೂ ಹೋದರು. ತಪಾಸಣೆಯ ಹಿಂದಿನ ದಿನ ಮಾತ್ರ ಕೊನೆಯವರೆಗೂ ಹೆದರುತ್ತಿದ್ದರು. ಹೆದರಿಕೊಂಡೇ ಬಸ್ಸು ಹತ್ತುತ್ತಿದ್ದರು.

ಬಾವ ತೀರಿಕೊಂಡದ್ದು ಬಹಳ ವರ್ಷಗಳ ಮೇಲೆ, ಹೃದಯಾಘಾತದಿಂದ. ಕ್ಯಾನ್ಸರ್ ಮರಳಿ ಬಂದಿರಲಿಲ್ಲ.